ಗೇಬ್ರಿಯಲ್ಲಾ, ಕಾಲಿನ್ಸಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಜೆನೆಸಿಸ್ ಅನ್ನೋ ರಾಕ್ ಬ್ಯಾಂಡ್ ಕೇಳುತ್ತೇನೆ ಅಂತ ಗೊತ್ತಾದರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ. ಪೀಟರ್ ಗೇಬ್ರಿಯಲ್ ಹಾಡುತ್ತಿದ್ದ ಕಾಲದ ಜೆನೆಸಿಸ್ ಮೇಲಾ, ಫಿಲ್ ಕಾಲಿನ್ಸ್ ಹಾಡಿದ ಜೆನೆಸಿಸ್ ಮೇಲಾ? ಕೇಳುವವರು ಆಗಲೇ ಒಂದು ಪಕ್ಷ ಸೇರಿರುತ್ತಾರೆ. ಗೇಬ್ರಿಯಲ್ ಹೋದ ಮೇಲೆ ಬ್ಯಾಂಡ್ ಪಾಪ್ ಆಗಿಬಿಟ್ಟಿತು ಅನ್ನುವುದು ಗೇಬ್ರಿಯಲ್ ಪಕ್ಷದ ವಾದ. ನಾನೂ ಹೌದು ಅನ್ನಲಿ ಅಂತ ಕಾಯುತ್ತಿರುತ್ತಾರೆ, ಅಷ್ಟೇ.

ನಾನು ಹೌದು ಅನ್ನುವುದಿಲ್ಲ. ಗೇಬ್ರಿಯಲ್ ಬಿಟ್ಟು ಹೋದಾಗ ಈ ಬ್ಯಾಂಡಿನ ಸಂಗೀತ ಜಾಸ್ತಿ ಬದಲಾಗಲೇ ಇಲ್ಲ. ಬದಲಾಗಿದ್ದು ಆಮೇಲೆ, ಕಾಲಿನ್ಸ್ ಹಾಡುತ್ತಿರುವಾಗಲೇ. ಗೆರೆ ಎಳೆಯಲೇಬೇಕು ಅನ್ನುವುದಾದರೆ ಗೇಬ್ರಿಯಲ್ ಹೋದ 1975ರಲ್ಲಿ ಎಳೆಯಬೇಡಿ. ಗಿಟಾರಿಸ್ಟ್ ಸ್ಟೀವ್ ಹ್ಯಾಕೆಟ್ ಹೊರಟುಹೋದ 1977ರಲ್ಲಿ ಎಳೆಯಿರಿ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ಚಾರ್ಟರ್‌ಹೌಸ್ ಶಾಲೆಯ ಹುಡುಗರು 1967ರಲ್ಲಿ ಕಟ್ಟಿದ ಬ್ಯಾಂಡ್ ಇದು. ಹಾಡಲು ಗೇಬ್ರಿಯಲ್, ಕೀಬೋರ್ಡಿಗೆ ಟೋನಿ ಬ್ಯಾಂಕ್ಸ್, ಗಿಟಾರಿಗೆ ಆಂಟನಿ ಫಿಲಿಪ್ಸ್, ಬೇಸ್ ಮತ್ತು ಗಿಟಾರಿಗೆ ಮೈಕ್ ರದರ್‌ಫರ್ಡ್. ಫಿಲಿಪ್ಸ್ 1970ರಲ್ಲಿ ಬಿಟ್ಟ. ಅದೇ ವರ್ಷ ಡ್ರಮ್ಸ್‌ಗೆ ಕಾಲಿನ್ಸ್ ಬಂದ. ಆಡಿಷನ್ನಿಗೆ ಬೇಗ ಬಂದವನಿಗೆ, ಅಲ್ಲಿಯವರೆಗೆ ಈಜುಕೊಳದಲ್ಲಿ ಈಜುತ್ತಿರು ಅಂದರಂತೆ. ಈಜುತ್ತಲೇ ಉಳಿದವರು ನುಡಿಸುವುದನ್ನು ಕೇಳಿಸಿಕೊಂಡು, ಅಷ್ಟನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ ಕೂತ! ಮುಂದಿನ ವರ್ಷ ಹ್ಯಾಕೆಟ್ ಸೇರಿಕೊಂಡ. ಈ ಐದು ಜನ ಸೇರಿ ಮಾಡಿದ್ದು ನಾಲ್ಕು ಸ್ಟುಡಿಯೋ ಆಲ್ಬಮ್: ನರ್ಸರಿ ಕ್ರೈಮ್, ಫಾಕ್ಸ್‌ಟ್ರಾಟ್, ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್, ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ.

ಗೇಬ್ರಿಯಲ್ ಪಕ್ಷದವರು ಮೊದಲು ಎತ್ತುವುದು ಅವನ ವೇಷಗಳನ್ನು. 1972ರಲ್ಲಿ ಡಬ್ಲಿನ್‌ನಲ್ಲಿ ಹೆಂಡತಿಯ ಕೆಂಪು ಗೌನ್ ತೊಟ್ಟು, ತಲೆಗೆ ನರಿಯ ಮುಖವಾಡ ಹಾಕಿಕೊಂಡು ಸ್ಟೇಜಿಗೆ ಬಂದ. ಬ್ಯಾಂಡಿನ ಉಳಿದವರಿಗೂ ಮೊದಲೇ ಹೇಳಿರಲಿಲ್ಲ. ಆಮೇಲೆ ಹೂವಿನ ಮುಖವಾಡ ಬಂತು, ಬಾವಲಿ ರೆಕ್ಕೆ ಬಂತು, ಮುದುಕನ ಮುಖ ಬಂತು. ಹಾಡುಗಳ ನಡುವೆ ವಿಚಿತ್ರ ಕತೆಗಳನ್ನೂ ಹೇಳುತ್ತಿದ್ದ. ಅದಕ್ಕೆ ಕಾರಣ ತೀರಾ ಸಾದಾ. ಹನ್ನೆರಡು ತಂತಿಯ ಗಿಟಾರುಗಳನ್ನು ಶ್ರುತಿ ಮಾಡಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು, ಅಲ್ಲಿಯವರೆಗೆ ಜನರನ್ನು ಹಿಡಿದಿಡಬೇಕಿತ್ತು. ದ ಲ್ಯಾಂಬ್ ಪ್ರವಾಸದ ಹೊತ್ತಿಗೆ ವೇಷ ಅತಿಯಾಯಿತು. ಸ್ಲಿಪ್ಪರ್‌ಮನ್ ಅನ್ನೋ ಗಂಟುಗಂಟಾದ ವೇಷದೊಳಗೆ ಮೈಕ್ ಬಾಯಿ ಹತ್ತಿರ ಬರುತ್ತಲೇ ಇರಲಿಲ್ಲ. ಹಾಡುಗಾರನ ಹಾಡೇ ಕೇಳದಿದ್ದರೆ ಏನು ಬಂತು ಹೇಳಿ.

ಆದರೆ ವೇಷ ಬಿಟ್ಟು ದನಿಯನ್ನಷ್ಟೇ ಕೇಳಿದರೂ ಗೇಬ್ರಿಯಲ್ ನಟನೇ. ಸೆಲ್ಲಿಂಗ್ ಇಂಗ್ಲೆಂಡ್‌ನಲ್ಲಿ ದ ಬ್ಯಾಟಲ್ ಆಫ್ ಎಪ್ಪಿಂಗ್ ಫಾರೆಸ್ಟ್ ಹಾಡಿದೆ. ಲಂಡನ್ನಿನ ರೌಡಿ ಗುಂಪುಗಳ ಜಗಳದ ಕತೆ. ಪಾತ್ರ ಬದಲಾದ ಹಾಗೆ ದನಿ, ಉಚ್ಚಾರ ಎಲ್ಲ ಬದಲಾಗುತ್ತದೆ. ಹಾಡಿನಲ್ಲಿ ಮಾತು ಅತಿಯಾಗಿದೆ ಅಂತ ನನಗನ್ನಿಸುತ್ತದೆ, ಆದರೂ ಆ ಸಾಮರ್ಥ್ಯ ಇನ್ನೊಬ್ಬನಿಗಿರಲಿಲ್ಲ. ತಮಾಷೆ ಅಂದರೆ ಇಬ್ಬರಲ್ಲಿ ನಟನೆಯನ್ನು ಕಸುಬಾಗಿ ಮಾಡಿದ್ದವನು ಕಾಲಿನ್ಸ್. ಚಿಕ್ಕವನಿದ್ದಾಗ ಲಂಡನ್ನಿನಲ್ಲಿ ಆಲಿವರ್! ನಾಟಕದಲ್ಲಿ ಪಾತ್ರ ಮಾಡಿದ್ದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೇಬ್ರಿಯಲ್ ಕಾಲದ ಆಲ್ಬಮ್‌ಗಳಲ್ಲಿ ಕಾಲಿನ್ಸ್ ದನಿ ಅವನು ಸೇರಿದಾಗಿನಿಂದಲೂ ಇದೆ. ನರ್ಸರಿ ಕ್ರೈಮ್‌ನ ಫಾರ್ ಆಬ್ಸೆಂಟ್ ಫ್ರೆಂಡ್ಸ್ ಹಾಡಿದ್ದು ಅವನೇ. ಸೆಲ್ಲಿಂಗ್ ಇಂಗ್ಲೆಂಡ್‌ನ ಮೋರ್ ಫೂಲ್ ಮೀ ಕೂಡ ಅವನದೇ. ಉಳಿದ ಹಾಡುಗಳಲ್ಲಿ ಗೇಬ್ರಿಯಲ್ ಹಿಂದೆ ಜೊತೆದನಿ ಕೊಡುತ್ತಿದ್ದವನೂ ಅವನೇ. ಅಂದರೆ 1976ರಲ್ಲಿ ಹೊಸಬರು ಯಾರೂ ಬರಲಿಲ್ಲ. ಹಿಂದಿದ್ದವನು ಮುಂದೆ ಬಂದ.

ಅದೂ ಸುಲಭಕ್ಕೆ ಬರಲಿಲ್ಲ. ಜಾಹೀರಾತು ಕೊಟ್ಟು ಎಷ್ಟೋ ಜನ ಹಾಡುಗಾರರನ್ನು ಪರೀಕ್ಷಿಸಿದರು. ಒಬ್ಬನನ್ನು ಸ್ಟುಡಿಯೋಗೂ ಕರೆಸಿದರು. ವಾದ್ಯಗಳೆಲ್ಲ ಆಗಲೇ ರೆಕಾರ್ಡ್ ಆಗಿದ್ದವು, ಆ ಶ್ರುತಿ ಅವನ ದನಿಗೆ ಹೊಂದಲಿಲ್ಲ. ಕೊನೆಗೆ ಸ್ಕ್ವಾಂಕ್ ಅನ್ನೋ ಹಾಡನ್ನು ಕಾಲಿನ್ಸ್ ಹಾಡಿ ನೋಡಿದ. ಅಲ್ಲಿಗೆ ಹುಡುಕಾಟ ಮುಗಿಯಿತು. 1976ರ ಫೆಬ್ರವರಿಯಲ್ಲಿ ಎ ಟ್ರಿಕ್ ಆಫ್ ದ ಟೇಲ್ ಬಂತು. ಅದರ ಮೊದಲ ಹಾಡು ಡಾನ್ಸ್ ಆನ್ ಎ ವಾಲ್ಕೇನೋ. ಪಾಪ್ ಹಾಡುಗಳ ತಾಳ ಸಾಮಾನ್ಯವಾಗಿ ನಾಲ್ಕರ ಎಣಿಕೆಯದು. ಏಳರ ಎಣಿಕೆಯಲ್ಲಿ ಓಡುವ ಈ ಹಾಡನ್ನು ಕೇಳಿ, ಬ್ಯಾಂಡ್ ಪಾಪ್ ಆಯಿತು ಅನ್ನುವವರಿಗೆ ನಾನು ಏನು ಹೇಳಲಿ?

ಇಬ್ಬರನ್ನೂ ಒಂದೇ ಹಾಡಿನಲ್ಲಿ ಹೋಲಿಸಿ ನೋಡಬೇಕಾ? ಅದಕ್ಕೂ ದಾರಿ ಇದೆ. ಸಪ್ಪರ್ಸ್ ರೆಡಿ ಸುಮಾರು 23 ನಿಮಿಷದ ಹಾಡು. ಗೇಬ್ರಿಯಲ್ ಹಾಡಿದ್ದು 1972ರ ಫಾಕ್ಸ್‌ಟ್ರಾಟ್‌ನಲ್ಲಿ, ಕಾಲಿನ್ಸ್ ಹಾಡಿದ್ದು 1977ರ ಲೈವ್ ಆಲ್ಬಮ್ ಸೆಕೆಂಡ್ಸ್ ಔಟ್‌ನಲ್ಲಿ. ಅದರಲ್ಲಿ ಅಪಾಕಲಿಪ್ಸ್ ಇನ್ 9/8 ಅನ್ನೋ ಭಾಗವಿದೆ. ಬೇಸ್, ಡ್ರಮ್ಸ್, ಗಿಟಾರ್ ಮೂರೂ ಒಂಬತ್ತರ ಆವರ್ತವನ್ನು ಮೂರು, ಎರಡು, ನಾಲ್ಕು ಅಂತ ಒಡೆದು ಬಡಿಯುತ್ತಲೇ ಇರುತ್ತವೆ. ಬ್ಯಾಂಕ್ಸ್ ಆ ಎಣಿಕೆಯನ್ನು ಕ್ಯಾರೇ ಅನ್ನದೆ ಆರ್ಗನ್ನನ್ನು ತನ್ನ ಪಾಡಿಗೆ ಮೇಲೆ ಮೇಲೆ ಒಯ್ಯುತ್ತಾನೆ. ಬಿಗಿ ಏರುತ್ತಾ ಏರುತ್ತಾ ಹೋಗಿ, ಇನ್ನು ತಡೆಯಲಾಗದು ಅನ್ನುವಾಗ ದನಿ ಬರುತ್ತದೆ. ಅಲ್ಲಿ ಗೇಬ್ರಿಯಲ್ ಹಾಡುವುದಿಲ್ಲ, ಕೂಗುತ್ತಾನೆ. ಗಂಟಲು ಒಡೆಯುತ್ತದೆ, ಅವನಿಗೆ ಲೆಕ್ಕವಿಲ್ಲ. ಕಾಲಿನ್ಸ್ ಅದೇ ಜಾಗದಲ್ಲಿ ಶ್ರುತಿ ಬಿಡದೆ ಏರುತ್ತಾನೆ. ನನಗೆ ಮೊದಲನೆಯದೇ ಇಷ್ಟ. ಆದರೆ ಅದಕ್ಕೂ ಮೊದಲಿನ ಮೆದುವಾದ ಭಾಗಗಳಲ್ಲಿ ಕಾಲಿನ್ಸ್ ದನಿ ಜಾಸ್ತಿ ಹಿತ. ಇಷ್ಟು ಕೇಳಿದ ಮೇಲೆ ಒಂದು ಗೊತ್ತಾಗುತ್ತದೆ: ದನಿ ಬೇರೆ, ಬ್ಯಾಂಡ್ ಅದೇ.

ಸೆಕೆಂಡ್ಸ್ ಔಟ್ ಬರುವ ಹೊತ್ತಿಗೆ ಹ್ಯಾಕೆಟ್ ಹೊರಟ. ತನ್ನ ಹಾಡುಗಳಿಗೆ ಬ್ಯಾಂಡಿನಲ್ಲಿ ಜಾಗ ಸಾಲದು ಅನ್ನೋದು ಅವನ ಬೇಸರ. ಉಳಿದ ಮೂವರು 1978ರಲ್ಲಿ ಮಾಡಿದ ಆಲ್ಬಮ್ಮಿನ ಹೆಸರೇ ಆ್ಯಂಡ್ ದೆನ್ ದೇರ್ ವರ್ ತ್ರೀ. ಅದರಲ್ಲಿ ಹೆಚ್ಚಿನವು ಒಬ್ಬೊಬ್ಬರು ಬರೆದು ತಂದ ಹಾಡುಗಳು. ಫಾಲೋ ಯು ಫಾಲೋ ಮೀ ಮಾತ್ರ ಮೂವರೂ ಸೇರಿ ನುಡಿಸುತ್ತಾ ಹುಟ್ಟಿದ್ದು. ಅದೇ ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಹೋಯಿತು. ಟಾಪ್ 10ರೊಳಗೆ ಅವರ ಮೊದಲ ಹಾಡು ಅದು. ನಿಜವಾದ ತಿರುವು ಇಲ್ಲಿದೆ. ಕೆಲಸದ ರೀತಿಯೇ ಆಮೇಲೆ ಹಾಗಾಯಿತು: ಬರೆದು ತರುವುದು ಬೇಡ, ಕೋಣೆಯಲ್ಲಿ ಮೂವರೂ ಕೂತು, ಡ್ರಮ್ ಮಷೀನ್ ಹಾಕಿ, ಸುಮ್ನೆ ನುಡಿಸುತ್ತಾ ಹೋಗೋಣ. 1981ರ ಅಬಾಕಾಬ್ ಮತ್ತು ಆಮೇಲಿನ ಆಲ್ಬಮ್‌ಗಳ ಸೊಗಡು ಹುಟ್ಟಿದ್ದು ಈ ಅಭ್ಯಾಸದಿಂದ.

ಹಾಗಂತ ಹಳೇ ಚಾಳಿ ಪೂರ್ತಿ ಬಿಡಲಿಲ್ಲ. 1980ರ ಟರ್ನ್ ಇಟ್ ಆನ್ ಅಗೇನ್ ರೇಡಿಯೋದಲ್ಲಿ ಹಿಟ್ ಆದ ಹಾಡು. ಚಪ್ಪಾಳೆ ತಟ್ಟಿ ನೋಡಿ, ನಾಲ್ಕನೇ ಸುತ್ತಿಗಾಗಲೇ ತಪ್ಪುತ್ತೀರಿ. ಅದು ಹದಿಮೂರರ ಎಣಿಕೆಯಲ್ಲಿದೆ! ಕುಣಿಯಲು ಹೋದವರ ಕಾಲು ಎಡವಿದರೆ ಅದಕ್ಕೆ ಬ್ಯಾಂಡೇ ಹೊಣೆ. 1986ರ ಇನ್‌ವಿಸಿಬಲ್ ಟಚ್ ಆಲ್ಬಮ್ಮಿನಲ್ಲೂ ಡಾಮಿನೋ ಅನ್ನೋ ಹತ್ತು ನಿಮಿಷ ಮೀರಿದ ಹಾಡಿದೆ. ಶೀರ್ಷಿಕೆ ಹಾಡನ್ನಷ್ಟೇ ಕೇಳಿ ಬಯ್ಯುವವರು ಅಲ್ಲಿಯವರೆಗೆ ಹೋಗುವುದೇ ಇಲ್ಲ, ಅಲ್ವಾ?

ಎರಡು ಪಕ್ಷದವರೂ ಮರೆಯುವ ಇನ್ನೊಂದು ಸಂಗತಿ. ಕಾಲಿನ್ಸ್ ಡ್ರಮ್ಸ್ ಅಂದ ಕೂಡಲೇ ನೆನಪಾಗುವ ಆ ಧಡಾರ್ ಅಂತ ಬಿದ್ದು ತಟ್ಟನೆ ಕತ್ತರಿಸಿಹೋಗುವ ಸದ್ದು ಹುಟ್ಟಿದ್ದು ಗೇಬ್ರಿಯಲ್‌ನ ಮೂರನೇ ಸೋಲೋ ಆಲ್ಬಮ್ಮಿಗೆ. ಇಂಜಿನಿಯರ್ ಹ್ಯೂ ಪ್ಯಾಜಮ್. ಡ್ರಮ್ಸ್ ಬಾರಿಸಿದವನು ಕಾಲಿನ್ಸ್. ಸಿಂಬಲ್ (ಡ್ರಮ್ಸ್ ಜೊತೆಯ ಲೋಹದ ತಟ್ಟೆ) ಬೇಡವೇ ಬೇಡ ಅಂದವನು ಗೇಬ್ರಿಯಲ್. 1982ರಲ್ಲಿ ಗೇಬ್ರಿಯಲ್ ಶುರುಮಾಡಿದ ವೋಮ್ಯಾಡ್ ಸಂಗೀತ ಉತ್ಸವ ಸಾಲದಲ್ಲಿ ಮುಳುಗಿದಾಗ ಹಳೇ ಗೆಳೆಯರೇ ಒಟ್ಟಾಗಿ ಮಿಲ್ಟನ್ ಕೀನ್ಸ್‌ನಲ್ಲಿ ಒಂದು ಕಛೇರಿ ಕೊಟ್ಟು ನೆರವಾದರು. 1986ರ ಜುಲೈನಲ್ಲಿ ಅಮೆರಿಕದ ಪಟ್ಟಿಯಲ್ಲಿ ಇನ್‌ವಿಸಿಬಲ್ ಟಚ್ ಹಾಡು ಮೊದಲ ಸ್ಥಾನಕ್ಕೆ ಬಂತು. ಅದನ್ನು ಕೆಳಗಿಳಿಸಿದ್ದು ಗೇಬ್ರಿಯಲ್‌ನ ಸ್ಲೆಡ್ಜ್‌ಹ್ಯಾಮರ್. ಜಗಳ ಇರುವುದು ಅಭಿಮಾನಿಗಳ ನಡುವೆ ಮಾತ್ರ.

ಹಾಡುಗಾರನೇ ಎಲ್ಲ ಅನ್ನುವವರಿಗೆ ನಾನು ತೋರಿಸುವುದು ಮೂರನೆಯವನನ್ನು. ಕಾಲಿನ್ಸ್ ಬಿಟ್ಟಿದ್ದು 1996ರಲ್ಲಿ. ಆಮೇಲೆ ಸ್ಟಿಲ್ಟ್‌ಸ್ಕಿನ್ ಬ್ಯಾಂಡಿನಲ್ಲಿ ಹಾಡಿದ್ದ ರೇ ವಿಲ್ಸನ್ ಬಂದ. ಜೆನೆಸಿಸ್ ಶುರುವಾದಾಗ ಅವನಿನ್ನೂ ಹುಟ್ಟಿರಲಿಲ್ಲ. ದನಿ ಗಾಢ, ಒರಟು, ಗೇಬ್ರಿಯಲ್‌ಗೆ ಹತ್ತಿರ. ದನಿಯ ಲೆಕ್ಕದಲ್ಲಿ ಹಳೇ ಅಭಿಮಾನಿಗಳು ಕುಣಿಯಬೇಕಿತ್ತು. 1997ರ ಕಾಲಿಂಗ್ ಆಲ್ ಸ್ಟೇಷನ್ಸ್ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೇನೋ ಹೋಯಿತು, ಅಮೆರಿಕದ ಪ್ರವಾಸವನ್ನು ಮಾತ್ರ ರದ್ದು ಮಾಡಬೇಕಾಯಿತು. ತಪ್ಪು ವಿಲ್ಸನ್‌ದಲ್ಲ. ಬಹುಪಾಲು ಹಾಡುಗಳನ್ನು ಬ್ಯಾಂಕ್ಸ್, ರದರ್‌ಫರ್ಡ್ ಇಬ್ಬರೇ ಮಾಡಿದ್ದರು. ಕಾಲಿನ್ಸ್ ಜೊತೆ ಹೋಗಿದ್ದು ಬರೀ ದನಿಯಲ್ಲ. ಡ್ರಮ್ಸ್ ಹೋಯಿತು, ಕೋಣೆಯಲ್ಲಿ ಕೂತು ‘ಇದು ಸಾಕು, ಇಲ್ಲಿ ನಿಲ್ಲಿಸಿ’ ಅನ್ನುವ ಮೂರನೆಯವನೂ ಹೋದ. ಆಲ್ಬಮ್ಮಿನ ಉದ್ದುದ್ದ ಹಾಡುಗಳನ್ನು ಕೇಳಿದರೆ ಆ ಕೊರತೆ ಎದ್ದು ಕಾಣುತ್ತದೆ.

ಇಷ್ಟು ಹೇಳಿದ ಮೇಲೂ ‘ಸರಿ, ಎಲ್ಲಿಂದ ಶುರು ಮಾಡಲಿ?’ ಅನ್ನುತ್ತಾರೆ. ಎ ಟ್ರಿಕ್ ಆಫ್ ದ ಟೇಲ್ ಹಾಕಿ. ಅಲ್ಲಿಂದ ಒಂದು ಹೆಜ್ಜೆ ಹಿಂದೆ ಸೆಲ್ಲಿಂಗ್ ಇಂಗ್ಲೆಂಡ್, ಒಂದು ಹೆಜ್ಜೆ ಮುಂದೆ 1980ರ ಡ್ಯೂಕ್. ದ ಲ್ಯಾಂಬ್‌ಗೆ ಆತುರ ಬೇಡ. ಅದು ಎರಡು ಎಲ್‌ಪಿಯ ಆಲ್ಬಮ್, ಕತೆಯೂ ಸುಲಭಕ್ಕೆ ಬಗ್ಗುವುದಿಲ್ಲ. ರೇ ವಿಲ್ಸನ್ ಸರದಿ ಕೊನೆಗಿರಲಿ.