ಕೀಲಿ ತೆಗೆದರೂ ನಿಲ್ಲದ ಗಾಡಿ

ಶನಿವಾರದಿಂದ ಒಂದೇ ಚಿತ್ರ ಕಣ್ಣ ಮುಂದೆ ಬರುತ್ತಿದೆ. ಅಂಕೋಲೆಯ ಒಂದು ತಗಡಿನ ಶೆಡ್ಡು. ಎಪ್ಪತ್ತು ದಾಟಿದ ಮಿಸ್ತ್ರಿ. ನಮ್ಮ ಕಾರಿನ ಬಾನೆಟ್ ಒಳಗೆ ಅರ್ಧ ಮೈ ಬಗ್ಗಿಸಿ, ಕಂದು ಬಣ್ಣದ ಒಂದು ಸಪೂರ ಪೈಪನ್ನು ಬಾಯಲ್ಲಿಟ್ಟು ಹೀರಿದರು. ಆಮೇಲೆ ಅದರ ತುದಿಯನ್ನು ನಾಲಗೆಯಿಂದ ಮುಚ್ಚಿದರು. ಕಣ್ಣು ಮುಚ್ಚಿ ಸುಮ್ಮನೆ ನಿಂತರು. ಅಷ್ಟೇ. ಅದನ್ನು ನೂರು ಸಲ ನೆನಪಿಸಿಕೊಂಡಿದ್ದೇನೆ.

ಕುಮಟೆಯಲ್ಲಿ ಉಪನಯನ ಮುಗಿಸಿ ಆಯಿಯನ್ನು, ಅಂದರೆ ಅಮ್ಮನನ್ನು, ಕರೆದುಕೊಂಡು ಕಾರವಾರಕ್ಕೆ ವಾಪಸ್ ಬರುತ್ತಿದ್ದೆ. ಅಂಕೋಲೆ ಹತ್ತಿರ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕರಿ ಈಶಾಡು ಮಾವಿನ ಹಣ್ಣು ಮಾರುತ್ತಿದ್ದರು. 2023ರಲ್ಲಿ ಈ ಹಣ್ಣಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಆಯಿಗೆ ಅದೆಲ್ಲ ಬೇಡ, ಮೇ ತಿಂಗಳಲ್ಲಿ ಈ ರಸ್ತೆಯಲ್ಲಿ ಹೋದರೆ ಗಾಡಿ ನಿಲ್ಲಿಸಲೇಬೇಕು. ನಿಲ್ಲಿಸಿದೆ. ಕೀಲಿ ತಿರುಗಿಸಿದೆ. ಇಂಜಿನ್ ನಿಲ್ಲಲಿಲ್ಲ. ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಗಾಡಿ ಅದರ ಪಾಡಿಗೆ ಗುರ್ ಅನ್ನುತ್ತಲೇ ಇತ್ತು.

ಬುಟ್ಟಿ ಹಿಂದೆ ಕೂತಿದ್ದ ಅಜ್ಜಿ ಕೇಳಿದರು, "ಬಂದ್ ಮಾಡೂಕೆ ಆತಿಲ್ವಾ?"

ನನಗೆ ಬೆವರು ಬಂತು. ಆಗ ಆಯಿ ಹಿಂದಿನ ಸೀಟಿನಿಂದ ಮೆಲ್ಲಗೆ ಹೇಳಿದಳು: "ನಿನ್ನ ಅಪ್ಪ ಒಮ್ಮೆ ಬಾನೆಟ್ ಎತ್ತಿ ಎಂಥದ್ದೋ ಒತ್ತಿ ಬಂದ್ ಮಾಡಿದ್ರು. ನೋಡು."

ನೋಡಿದೆ. ಇಂಜಿನ್ ಪಕ್ಕದಲ್ಲಿ ಒಂದು ಚಿಕ್ಕ ಲಿವರ್. ಅದರ ಮೇಲೆ ಇಂಗ್ಲಿಷಿನಲ್ಲಿ ಸ್ಟಾಪ್ ಅಂತ ಬರೆದಿದೆ. ಒತ್ತಿ ಹಿಡಿದೆ. ನಿಂತಿತು. ಇಪ್ಪತ್ತು ವರ್ಷ ಈ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೀಗರ ಊಟದ ಬಗ್ಗೆ ಮಾತಾಡಿದ ಆಯಿಗೆ ಅದು ನೆನಪಿತ್ತು. ನನಗೆ ಗೊತ್ತೇ ಇರಲಿಲ್ಲ.

ಗಾಡಿ ಮರ್ಸಿಡಿಸ್ ಇ 250 ಡಿ, 1996ರದ್ದು. ಮರ್ಸಿಡಿಸ್ ಕಂಪನಿ 1995ರಲ್ಲಿ ಪುಣೆಯಲ್ಲಿ ಕಾರು ಜೋಡಿಸಲು ಶುರು ಮಾಡಿದಾಗ ಮೊದಲು ಬಂದದ್ದು ಇದೇ ಸರಣಿ. ಡಬ್ಲ್ಯು 124 ಅಂತ ಅದರ ಒಳಹೆಸರು. ಅಪ್ಪ ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿದವರು. 2005ರಲ್ಲಿ ಮುಂಬೈಯಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ದುಡ್ಡು ಜಾಸ್ತಿ ಇದ್ದದ್ದಕ್ಕೆ ಅಲ್ಲ. ಐದು ಸಿಲಿಂಡರ್ ಡೀಸೆಲ್ ಇಂಜಿನ್ ಸದ್ದು ಕೇಳಿ ತಂದರು. ನಾಲ್ಕು ಸಿಲಿಂಡರ್‌ದೂ ಅಲ್ಲದ, ಆರರದ್ದೂ ಅಲ್ಲದ ಒಂದು ಬೇರೆಯೇ ತಾಳ ಅದರದ್ದು. ಮೂರು ವರ್ಷದ ಹಿಂದೆ ಅಪ್ಪ ಹೋದರು. ಅವರ ನೋಟ್ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಾಗೇ ಇದೆ. ಆಯಿಲ್ ಬದಲಿಸಿದ್ದು, ಹೀಟರ್ ಪ್ಲಗ್ ಹಾಕಿದ್ದು, ಎಲ್ಲದಕ್ಕೂ ತಾರೀಖು, ಕಿಲೋಮೀಟರ್.

ಸಮುದ್ರದ ಪಕ್ಕ ಹಳೇ ಕಾರು ಇಟ್ಟುಕೊಳ್ಳುವುದು ಸುಲಭವಲ್ಲ. ಉಪ್ಪುಗಾಳಿ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಈ ಮಾಡೆಲ್‌ನಲ್ಲಿ ಜಾಕ್ ಕೊಡುವ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದರ ಹಿಂದೆ ತೇವ ನಿಂತು ತುಕ್ಕು ಹಿಡಿದರೆ ಹೊರಗಿನಿಂದ ಕಾಣುವುದೇ ಇಲ್ಲ. ಅಪ್ಪ ಟ್ಯಾಗೋರ್ ಬೀಚಿನ ಕಡೆ ಹೋಗಿ ಬಂದ ದಿನ ಬಾವಿ ನೀರು ಬಿಟ್ಟು ಗಾಡಿಯ ಅಡಿ ತೊಳೆಯುತ್ತಿದ್ದರು. ಗಾಜಿನ ಕೆಳಗಿನ ಸಂದಿಯಲ್ಲಿ ಬಿದ್ದ ಮಾವಿನ ಎಲೆ ಒಂದೊಂದಾಗಿ ಹೆಕ್ಕುತ್ತಿದ್ದರು, ನೀರು ಹೋಗುವ ತೂತು ಕಟ್ಟಬಾರದು ಅಂತ. ವೈಪರ್ ಒಂದೇ ಇದಕ್ಕೆ. ಆದರೆ ಅದು ಸುಮ್ನೆ ಅತ್ತಿತ್ತ ಆಡುವುದಿಲ್ಲ. ಮೂಲೆ ಹತ್ತಿರ ಬಂದಾಗ ಕೈ ಚಾಚಿದ ಹಾಗೆ ಉದ್ದ ಆಗುತ್ತದೆ, ಮಧ್ಯದಲ್ಲಿ ಮತ್ತೆ ಗಿಡ್ಡ ಆಗುತ್ತದೆ. ಜುಲೈ ತಿಂಗಳಲ್ಲಿ ಅರಬೈಲ್ ಘಟ್ಟ ಇಳಿಯುವಾಗ ಆ ಒಂದು ವೈಪರ್ ಗಾಜನ್ನು ಒರೆಸುವುದನ್ನು ನೋಡಬೇಕು. ಯಾರೋ ಕೂತು ಪೂರಾ ಯೋಚಿಸಿ ಮಾಡಿದ ವಸ್ತು ಅಂತ ಗೊತ್ತಾಗುತ್ತದೆ.

ಈ ನಿಲ್ಲದ ಕಾಯಿಲೆ ಶನಿವಾರ ಒಮ್ಮೆಲೇ ಬಂದದ್ದಲ್ಲ. ಎರಡು ತಿಂಗಳಿಂದ ಕೀಲಿ ತಿರುಗಿಸಿದ ಮೇಲೆ ನಾಲ್ಕೈದು ಸೆಕೆಂಡ್ ತಡ ಮಾಡಿ ನಿಲ್ಲುತ್ತಿತ್ತು. ಬೇರೆ ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ ತೋರಿಸಿದ್ದೆ. ಏಸಿ ರೂಮು, ಕಾಫಿ ಮಷಿನ್. ಒಬ್ಬ ಹುಡುಗ ಸ್ಕ್ಯಾನರ್ ಹಿಡಿದು ಬಂದು ಎಲ್ಲಿ ಚುಚ್ಚುವುದು ಅಂತ ಹುಡುಕಿದ. ಈ ಇಂಜಿನ್ನಿನ ಡೀಸೆಲ್ ಪಂಪು ಹೆಚ್ಚೂಕಡಿಮೆ ಪೂರ್ತಿ ಮೆಕ್ಯಾನಿಕಲ್. ಸ್ಕ್ಯಾನರಿಗೆ ಅಲ್ಲಿ ಓದಲು ಏನೂ ಇಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅದನ್ನೇ ಕಲಿಸಿದ್ದಾರೆ. ಸಿಟ್ಟು ಇರುವುದು ಅವನ ಮೇಲಿನವನ ಮೇಲೆ. ಬಾನೆಟ್ ಕಡೆ ಬಗ್ಗಿಯೂ ನೋಡದೆ, "ಪಂಪ್ ಹೋಗಿದೆ ಸರ್, ಲಕ್ಷದ ಮೇಲೆ ಆಗ್ತದೆ. ಇದು ಡೆಡ್ ಗಾಡಿ. ಯಾಕೆ ಇಟ್ಕೊಂಡಿದೀರಿ?" ಅಂದ. ಆ ಮಾತು ಎರಡು ತಿಂಗಳು ನನ್ನನ್ನು ತಿಂದಿದೆ. ನಮ್ಮ ಭಾವನೂ ಅದನ್ನೇ ಹೇಳುತ್ತಾನೆ, ಆದರೆ ಅವನು ಮನೆಯವನು. ಇವನಿಗೆ ಏನು ಹಕ್ಕು?

ಮಾವಿನ ಹಣ್ಣಿನ ಅಜ್ಜಿಯೇ ಮಿಸ್ತ್ರಿಯ ಶೆಡ್ಡು ತೋರಿಸಿದ್ದು. ಹಳೇ ಜೀಪು, ಅಂಬಾಸಡರ್ ಡೀಸೆಲ್ ಮಾಡಿದ ಕೈ. ಮರ್ಸಿಡಿಸ್ ನೋಡಿ ಅವರು ಗಾಬರಿಯಾಗಲಿಲ್ಲ, ಮೆಚ್ಚಲೂ ಇಲ್ಲ. ಮೊದಲು ಕೇಳಿದ ಪ್ರಶ್ನೆ ಇದು: "ಬ್ರೇಕು ಗಟ್ಟಿ ಆಯ್ದಾ?"

ನಾನು ಇಂಜಿನ್ ನಿಲ್ಲುವುದಿಲ್ಲ ಅಂದರೆ ಇವರು ಬ್ರೇಕ್ ಕೇಳುತ್ತಾರಲ್ಲ ಅನಿಸಿತು. ಆಮೇಲೆ ಅವರೇ ಬಿಡಿಸಿ ಹೇಳಿದರು. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಒಮ್ಮೆ ಶುರುವಾದರೆ ಎಣ್ಣೆ ಬಂದ್ ಆಗುವವರೆಗೆ ಓಡುತ್ತದೆ. ಕೀಲಿ ತಿರುಗಿಸಿದಾಗ ಈ ಗಾಡಿಯಲ್ಲಿ ಎಣ್ಣೆ ಬಂದ್ ಮಾಡುವುದು ಕರೆಂಟ್ ಅಲ್ಲ, ವ್ಯಾಕ್ಯೂಮ್. ಇಂಜಿನ್ ಮುಂದೆ ಒಂದು ವ್ಯಾಕ್ಯೂಮ್ ಪಂಪು ಇದೆ. ಅದು ಗಾಳಿ ಎಳೆಯುತ್ತದೆ. ಬೀಗದ ಹಿಂದಿನ ಚಿಕ್ಕ ವಾಲ್ವ್ ತೆರೆದುಕೊಂಡಾಗ ಆ ಎಳೆತ ಪೈಪಿನಲ್ಲಿ ಹೋಗಿ ಡೀಸೆಲ್ ಪಂಪಿನ ಬಾಗಿಲು ಮುಚ್ಚುತ್ತದೆ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೂ ಗಾಳಿ ಎಳೆಯುವುದು ಅದೇ ಪಂಪು. ಸೋರಿಕೆ ದೊಡ್ಡದಿದ್ದರೆ ಬ್ರೇಕ್ ಗಟ್ಟಿಯಾಗುತ್ತದೆ, ಮೊದಲು ಹೋಗುವುದು ಜೀವ. ಅದಕ್ಕೇ ಆ ಪ್ರಶ್ನೆ. ಗಾಡಿಯಲ್ಲಿ ಬಂದವರ ಬಗ್ಗೆ ಮೊದಲು ಯೋಚಿಸಿದ್ದು ಈ ಎಣ್ಣೆ ಮೆತ್ತಿದ ಲುಂಗಿಯ ಮನುಷ್ಯ. ಆ ಏಸಿ ರೂಮಿನಲ್ಲಿ ಯಾರೂ ಬ್ರೇಕ್ ಕೇಳಿರಲಿಲ್ಲ.

ಆಮೇಲೆ ಪೈಪು ಬಿಚ್ಚಿದರು. ಮೊದಲು ಡೀಸೆಲ್ ಪಂಪಿನ ಮೇಲಿರುವ, ಆ ಬಾಗಿಲು ಮುಚ್ಚುವ ಡಬ್ಬಿಗೆ ಒಂದು ಟ್ಯೂಬ್ ಸಿಕ್ಕಿಸಿ ಹೀರಿದರು, ನಾಲಗೆ ಒತ್ತಿದರು. ಟ್ಯೂಬ್ ನಾಲಗೆಗೆ ಅಂಟಿಕೊಂಡಿತು. ಬಿಡಲೇ ಇಲ್ಲ. ಕೈಯಲ್ಲೇ "ಇದು ಸರಿ ಇದೆ" ಅಂತ ತೋರಿಸಿದರು. ಆಮೇಲೆ ಕಂದು ಪೈಪು. "ತಮಾ, ಆ ತುದಿಗೆ ಬೆರಳು ಒತ್ತಿ ಹಿಡಿ." ಹಿಡಿದೆ. ಹೀರಿದರು, ಕಣ್ಣು ಮುಚ್ಚಿದರು. ಒಂದು, ಎರಡು, ಮೂರು. ಅಂಟಿಕೊಂಡಿತ್ತು. ಮುಂದಿನ ತುಂಡು. ಮತ್ತೆ ನಾನು ಬೆರಳು ಒತ್ತಿದೆ, ಮತ್ತೆ ಅವರು ಕಣ್ಣು ಮುಚ್ಚಿದರು. ಈ ಸಲ ಎರಡಕ್ಕೇ ನಾಲಗೆ ಬಿಟ್ಟುಕೊಂಡಿತು. ಅವರ ಮುಖದಲ್ಲಿ ನಗು ಬಂತು.

ಎರಡು ಪೈಪು ಸೇರುವ ಕಡೆ ಒಂದು ರಬ್ಬರ್ ಮೊಣಕೈ. ಕಿರುಬೆರಳಿನ ಉಗುರಿನಷ್ಟು. ಅದನ್ನು ಮಡಚಿದಾಗ ಕೂದಲೆಳೆಯಷ್ಟು ಸೀಳು ಕಂಡಿತು. ಇಂಜಿನ್ ಬಿಸಿ, ವಯಸ್ಸು. ಉಗುರಿನಲ್ಲಿ ಕೆರೆದರೆ ಪುಡಿ ಪುಡಿ. ಇಂಜೆಕ್ಟರಿಗೆ ಹಾಕುವ ರಿಟರ್ನ್ ಪೈಪಿನ ಬಿಡಿ ತುಂಡಿನಿಂದ ಎರಡು ಇಂಚು ಕತ್ತರಿಸಿ ಅಲ್ಲಿ ಸಿಕ್ಕಿಸಿದರು. ಉಳಿದ ಸಂದುಗಳನ್ನೂ ಹೀಗೇ ನೋಡಿದರು, ಬ್ರೇಕ್ ಬೂಸ್ಟರಿನದ್ದನ್ನೂ. ಸ್ಟಾರ್ಟ್ ಮಾಡಿದೆ. ಕೀಲಿ ತಿರುಗಿಸಿದೆ. ತಕ್ಷಣ ನಿಂತಿತು.

ನಾನು ಅವರಿಗೆ ಆ ವರ್ಕ್‌ಶಾಪಿನ ಮಾತು ಹೇಳಿದೆ. ಡೆಡ್ ಗಾಡಿ ಅಂದ ವಿಷಯ. ಬಾಯಿಂದ ಡೀಸೆಲ್ ಕಮಟು ಉಗುಳುತ್ತಾ ಅಂದರು: "ಸತ್ತದ್ದಲ್ಲ ತಮಾ. ಸೋರ್ತಾ ಇದ್ದದ್ದು. ಎರಡೂ ಬೇರೆ."

ಇನ್ನೂರು ರೂಪಾಯಿ ತೆಗೆದುಕೊಂಡರು. ಐನೂರು ಕೊಟ್ಟರೆ ಮುನ್ನೂರು ವಾಪಸ್ ಕೊಟ್ಟರು.

ಎರಡೂ ಬೇರೆ. ಈ ವಾರವೆಲ್ಲ ಆಫೀಸಿನಲ್ಲಿ ಕೂತು ಇದನ್ನೇ ಯೋಚಿಸಿದ್ದೇನೆ. ನಾವು ಎಷ್ಟು ಬೇಗ ಸತ್ತಿದೆ ಅಂತ ಹೇಳಿಬಿಡುತ್ತೇವೆ ಅಲ್ವಾ? ಸೋರಿಕೆ ಹುಡುಕಲು ತಾಳ್ಮೆ ಬೇಕು. ಒಂದೊಂದು ತುಂಡು ಬಿಚ್ಚಬೇಕು, ಬಾಯಿ ಹಚ್ಚಬೇಕು, ಕಣ್ಣು ಮುಚ್ಚಿ ಕಾಯಬೇಕು. ಬದಲಿಸುವುದು ಸುಲಭ, ಬಿಲ್ಲೂ ದೊಡ್ಡದಾಗುತ್ತದೆ. ಅಪ್ಪನ ಕೊನೆಯ ವರ್ಷ ಆಸ್ಪತ್ರೆಗಳಲ್ಲಿ ಅಲೆದಾಗ ಒಬ್ಬ ಡಾಕ್ಟರ್ ಮಾತ್ರ ಅಪ್ಪನ ಕೈ ಹಿಡಿದು ಹತ್ತು ನಿಮಿಷ ಪ್ರಶ್ನೆ ಕೇಳಿದ್ದರು. ಉಳಿದವರು ರಿಪೋರ್ಟ್ ನೋಡಿದರು. ಆ ಒಬ್ಬರ ಮುಖ ಮಾತ್ರ ನನಗೆ ಇವತ್ತಿಗೂ ನೆನಪಿದೆ.

ಮಿಸ್ತ್ರಿಯ ಮಗ ಗೋವಾದಲ್ಲಿ ಹೋಟೆಲ್ ಕೆಲಸದಲ್ಲಿದ್ದಾನಂತೆ. ಶೆಡ್ಡಿಗೆ ಹುಡುಗರು ಬರುತ್ತಿಲ್ಲ. ಬರುವ ಗಾಡಿಗಳೂ ಕಡಿಮೆ. ಆ ನಾಲಗೆಗೆ ಗೊತ್ತಿರುವುದು ಅವರ ಜೊತೆಗೇ ಹೋಗುತ್ತದಲ್ಲ ಅಂತ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಅಪ್ಪ ಇದ್ದಾಗ ನಾನು ಏನೂ ಕಲಿಯಲಿಲ್ಲ. ಅವರು ಬಾನೆಟ್ ಎತ್ತಿದಾಗ ನಾನು ಮೊಬೈಲ್ ನೋಡುತ್ತಿದ್ದೆ.

ಆ ದಿನ ಮನೆ ಮುಟ್ಟುವಾಗ ಸಂಜೆ ಏಳು. ಅಂಗಳದಲ್ಲಿ ನಿಲ್ಲಿಸಿ ಕೀಲಿ ತಿರುಗಿಸಿದೆ. ನಿಂತಿತು. ಆಯಿ ಇಳಿಯಲಿಲ್ಲ. ಮಾವಿನ ಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

"ಇನ್ನೊಂದ್ಸಲ ಚಾಲೂ ಮಾಡು," ಅಂದಳು.

ಮಾಡಿದೆ. ಐದು ಸಿಲಿಂಡರಿನ ಆ ತಾಳ. ಒಂದು ನಿಮಿಷ ಕೇಳಿ ಆಯಿ ತಲೆಯಾಡಿಸಿದಳು. ಬಂದ್ ಮಾಡಿದೆ.

ರಾತ್ರಿ ಅಪ್ಪನ ಪುಸ್ತಕ ತೆಗೆದು, ಅವರ ಅಕ್ಷರ ಮುಗಿದ ಪುಟದಲ್ಲಿ ತಾರೀಖು, ಕಿಲೋಮೀಟರ್ ಬರೆದೆ. ವ್ಯಾಕ್ಯೂಮ್ ಪೈಪಿನ ಸಂದು, ಎರಡು ಇಂಚು, ಅಂಕೋಲೆ. ಮಳೆ ಶುರುವಾಗುವ ಮೊದಲು ವೈಪರ್ ಬಿಚ್ಚಿ ಗೇರಿಗೆ ಗ್ರೀಸ್ ಹಾಕಬೇಕು. ನಾನೇ ಬಿಚ್ಚುತ್ತೇನೆ, ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ ಅಂತ ಮಿಸ್ತ್ರಿಗೆ ಫೋನ್ ಮಾಡಿದ್ದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾ, ಬಿಸಿಲು ಏರಿದ ಮೇಲೆ ತಗಡಿನ ಕೆಳಗೆ ಕೂರಲು ಆಗುವುದಿಲ್ಲ ಅಂದಿದ್ದಾರೆ.