ಕಾಣೆಯಾದ ಚಿಪ್ಪುಗಳು: ಉಪ್ಪು ಜೌಗಿನ ಕೋರ್ ಓದುವ ಬಗೆ

ಹಿಂದಿನ ಸಮುದ್ರಮಟ್ಟ ತಿಳಿಯಲೆಂದು ಉಪ್ಪು ಜೌಗಿನಿಂದ, ಅಂದರೆ ಉಬ್ಬರದ ನೀರು ತಲುಪುವ ಜೌಗಿನಿಂದ, ಎತ್ತಿದ ಕೆಸರಿನ ಕಂಬವಾದ ಕೋರ್ ಒಂದರಲ್ಲಿ ಮೇಲಿನ 30 ಸೆಂ.ಮೀ.ನಲ್ಲಿ ಸುಣ್ಣದ ಚಿಪ್ಪಿನ ಫೋರಾಮಿನಿಫೆರಾಗಳು (ಚಿಪ್ಪು ಕಟ್ಟುವ ಏಕಕೋಶ ಜೀವಿಗಳು) ತುಂಬಿವೆ, ಅದರ ಕೆಳಗೆ ಒಂದೂ ಇಲ್ಲ ಎಂದುಕೊಳ್ಳಿ. ಮೊದಲು ಇಲ್ಲಿ ಸಿಹಿನೀರಿನ ಜೌಗಿತ್ತು, ಆಮೇಲೆ ಉಪ್ಪುನೀರು ನುಗ್ಗಿತು ಎಂದು ಬರೆದುಬಿಡಬಹುದು. ಆದರೆ ಕೆಳಗಿನ ಪದರದಲ್ಲೂ ಆ ಚಿಪ್ಪುಗಳು ಇದ್ದು, ಕರಗಿಹೋಗಿರುವ ಸಾಧ್ಯತೆ ಅಷ್ಟೇ ಬಲವಾಗಿದೆ.

ಕೊಳೆಯುವ ಬೇರುಗಳಿಂದ ಇಂಗಾಲದ ಡೈಆಕ್ಸೈಡ್ ಮತ್ತು ಸಾವಯವ ಆಮ್ಲಗಳು ಹುಟ್ಟುತ್ತವೆ. ನೀರಿನ ಮಟ್ಟ ಇಳಿದು ಗಾಳಿ ಒಳಹೊಕ್ಕಾಗ ಕೆಸರಿನಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಉತ್ಕರ್ಷಿಸಿ ಗಂಧಕಾಮ್ಲವಾಗುತ್ತದೆ. ಸುಣ್ಣದ ಚಿಪ್ಪು ಇದರ ಮುಂದೆ ನಿಲ್ಲುವುದಿಲ್ಲ. ಮರಳಿನ ಕಣಗಳನ್ನು ಸಾವಯವ ಅಂಟಿನಿಂದ ಜೋಡಿಸಿ ಚಿಪ್ಪು ಕಟ್ಟುವ ಜಡಮ್ಮಿನಾ, ಟ್ರೋಕಮಿನಾ, ಮಿಲಿಯಮ್ಮಿನಾ ಎಂಬ ಫೋರಾಮಿನಿಫೆರಾಗಳು ಮಾತ್ರ ಉಳಿಯುತ್ತವೆ. ಹೀಗಾಗಿ ಎಣಿಕೆಯ ಪಟ್ಟಿ ನೋಡಿದರೆ ಉಬ್ಬರ ಅಪರೂಪಕ್ಕೆ ತಲುಪುವ ಎತ್ತರದ ಜೌಗಿನಂತೆಯೇ ಕಾಣುತ್ತದೆ. ಇದಕ್ಕೊಂದು ಪರೀಕ್ಷೆ ಇದೆ: ಸುಣ್ಣ ಕರಗಿದರೂ ಚಿಪ್ಪಿನ ಒಳಗಿನ ತೆಳುವಾದ ಸಾವಯವ ಪೊರೆ ಹಲವು ಸಲ ಉಳಿದಿರುತ್ತದೆ. ಅದು ಕಂದು ಬಣ್ಣದ ಪುಟ್ಟ ಸುರುಳಿಯಂತೆ ಇರುತ್ತದೆ, ಪರಾಗದ ಸ್ಲೈಡುಗಳಲ್ಲೂ ಸಿಗುತ್ತದೆ. ಅದನ್ನು ಕಸವೆಂದು ಬಿಡದೆ ಪ್ರತ್ಯೇಕವಾಗಿ ಎಣಿಸಬೇಕು.

ಇನ್ನೂ ಬೇಸರದ ಸಂಗತಿ ಎಂದರೆ ಇದೇ ಕರಗುವಿಕೆ ಪ್ರಯೋಗಾಲಯದ ಫ್ರಿಜ್ಜಿನಲ್ಲೂ ನಡೆಯುತ್ತದೆ. ಸುತ್ತಿದ ಪ್ಲಾಸ್ಟಿಕ್ ಸಡಿಲವಾಗಿ ಗಾಳಿಯಾಡಿದರೆ ಪೈರೈಟ್ ನಿಧಾನವಾಗಿ ಆಮ್ಲ ಬಿಡುತ್ತದೆ. ಕೋರ್‌ನ ಮೈಮೇಲೆ ಸೂಜಿಯಂಥ ಜಿಪ್ಸಂ ಹರಳುಗಳು ಎದ್ದಿದ್ದರೆ ಚಿಪ್ಪುಗಳಿಗೆ ಆಗಲೇ ಪೆಟ್ಟು ಬಿದ್ದಿದೆ. ಆದ್ದರಿಂದ ಕೋರ್ ಬಂದ ಕೂಡಲೇ ಮೊದಲು ತೆಗೆಯಬೇಕಾದದ್ದು ಫೋರಾಮಿನಿಫೆರಾ ಮಾದರಿ. ಅದನ್ನು ಕ್ಷಾರ ಬೆರೆಸಿದ ಎಥನಾಲ್‌ನಲ್ಲಿಡಬೇಕು. ಉಳಿದ ಕೋರ್ ಗಾಳಿಯಾಡದಂತೆ ಬಿಗಿದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಹೆಪ್ಪುಗಟ್ಟಿಸಬೇಡಿ, ಮಂಜಿನ ಹರಳು ಹಿಗ್ಗಿ ತೆಳು ಪದರಗಳನ್ನು ಸೀಳುತ್ತದೆ.

ಕೋರ್ ತೆಗೆಯುವಾಗಿನ ತಪ್ಪುಗಳು ಬೇರೆ ಬಗೆಯವು. ಪೀಟ್ (ಅರೆಕೊಳೆತ ಸಸ್ಯಗಳ ಪದರ) ಮತ್ತು ಮೆತ್ತನೆಯ ಹೂಳಿಗೆ ರಷ್ಯನ್ ಕೋರರ್ ಎಂಬ ಉಪಕರಣ ಒಳ್ಳೆಯದು. ಬೇಕಾದ ಆಳಕ್ಕೆ ಇಳಿಸಿ, 180 ಡಿಗ್ರಿ ತಿರುಗಿಸಿದರೆ ಅದರ ಅರ್ಧ ಕೊಳವೆ ಪಕ್ಕದಿಂದ ಕತ್ತರಿಸಿಕೊಳ್ಳುತ್ತದೆ, ಹಾಗಾಗಿ ಕೆಸರು ಒತ್ತಿ ಕುಗ್ಗುವುದಿಲ್ಲ. ಆ ಕೊಳವೆ ಸಾಮಾನ್ಯವಾಗಿ 50 ಸೆಂ.ಮೀ. ಉದ್ದದ್ದು. ಅದರ ಮೂತಿ ಮುಂದಿನ ತುಂಡಿನ ತಲೆಭಾಗವನ್ನು ಕದಡುವುದರಿಂದ ಒಂದೇ ಗುಂಡಿಯಲ್ಲಿ ಸತತವಾಗಿ ಇಳಿಯಬಾರದು. ಅಕ್ಕಪಕ್ಕದ ಎರಡು ಗುಂಡಿಗಳಲ್ಲಿ ಸರದಿಯಂತೆ, 10 ಸೆಂ.ಮೀ. ಅತಿವ್ಯಾಪ್ತಿಯೊಂದಿಗೆ ತೆಗೆಯಬೇಕು. ಮರಳು ಸಿಕ್ಕರೆ ಈ ಉಪಕರಣ ಸೋಲುತ್ತದೆ. ಕೊಳವೆಯನ್ನೇ ನೇರ ಒತ್ತುವುದಾದರೆ, ಎತ್ತುವ ಮೊದಲು ಕೊಳವೆಯ ಒಳಗಿನ ಕೆಸರಿನ ಮಟ್ಟವನ್ನೂ ಹೊರಗಿನ ನೆಲದ ಮಟ್ಟವನ್ನೂ ಅಳೆದು ಬರೆದುಕೊಳ್ಳಿ. ಎಷ್ಟು ಕುಗ್ಗಿದೆ ಎಂದು ಆಮೇಲೆ ತಿಳಿಯಲು ಬೇರೆ ದಾರಿ ಇಲ್ಲ.

ಬಣ್ಣವನ್ನು ಕೋರ್ ತೆರೆದ ಕ್ಷಣವೇ ಬರೆಯಬೇಕು. ಕಬ್ಬಿಣದ ಸಲ್ಫೈಡ್‌ನಿಂದ ಕಪ್ಪಗಿದ್ದ ಕೆಸರು ಗಾಳಿ ತಗುಲಿದರೆ ಬೇಗ ಬೂದು, ಕಂದು ಬಣ್ಣಕ್ಕೆ ತಿರುಗುತ್ತದೆ. ಮೈ ಹೆರೆಯುವಾಗ ಅಲಗು ಅಡ್ಡಡ್ಡ ಹೋಗಲಿ. ಉದ್ದಕ್ಕೆ ಎಳೆದರೆ ಒಂದು ಪದರದ ಪರಾಗ ಇನ್ನೊಂದಕ್ಕೆ ಬಳಿದುಕೊಳ್ಳುತ್ತದೆ.

ಎಣಿಕೆಗೆ 1 ಸೆಂ.ಮೀ. ದಪ್ಪದ ಹೋಳನ್ನು 500 ಮತ್ತು 63 ಮೈಕ್ರಾನ್ ಜರಡಿಗಳಲ್ಲಿ ತೊಳೆದು, ನಡುವೆ ಉಳಿದದ್ದನ್ನು ಒದ್ದೆಯಾಗಿಯೇ ನೋಡಬೇಕು. ಒಣಗಿಸಿದರೆ ನಾರು ಗಂಟುಕಟ್ಟಿ ಚಿಪ್ಪುಗಳು ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಆದರೆ ಎಣಿಕೆಯಿಂದ ಹಿಂದಿನ ಸಮುದ್ರಮಟ್ಟದ ಎತ್ತರ ತಿಳಿಯಬೇಕಾದರೆ ಇಂದಿನ ಜೌಗಿನ ಮೇಲ್ಮೈಯಲ್ಲಿ ಯಾವ ಜೀವಿ ಯಾವ ಎತ್ತರದಲ್ಲಿದೆ ಎಂದು ಗೊತ್ತಿರಬೇಕು. ಉಬ್ಬರದ ಮಟ್ಟಕ್ಕೆ ತಕ್ಕಂತೆ ಈ ಜೀವಿಗಳು ಪಟ್ಟಿಪಟ್ಟಿಯಾಗಿ ಬದುಕುತ್ತವೆ. ಸಂಶೋಧಕರಾದ ಸ್ಕಾಟ್ ಮತ್ತು ಮೆಡಿಯೋಲಿ 1978ರಲ್ಲಿ ಇದನ್ನೇ ಹಿಂದಿನ ಸಮುದ್ರಮಟ್ಟದ ಅಳತೆಗೋಲಾಗಿ ಮುಂದಿಟ್ಟರು. ಮೇಲ್ಮೈ ಮಾದರಿಗಳನ್ನು ದೂರ ನೋಡಿ ಅಲ್ಲ, ಎತ್ತರ ನೋಡಿ ತೆಗೆಯಿರಿ. ಸಮತಟ್ಟಾದ ಜೌಗಿನಲ್ಲಿ 50 ಮೀಟರ್ ನಡೆದರೂ ಎತ್ತರ 5 ಸೆಂ.ಮೀ. ಬದಲಾಗದಿರಬಹುದು, ಅಂಚಿನಲ್ಲಿ ಎರಡೇ ಹೆಜ್ಜೆಗೆ ಅರ್ಧ ಮೀಟರ್ ಏರಬಹುದು. ಕೋರ್‌ನ ಬಾಯಿಯ ಎತ್ತರವನ್ನೂ ಅದೇ ಸರ್ವೆಯಲ್ಲಿ, ಅದೇ ಆಧಾರಮಟ್ಟದಿಂದ ಅಳೆಯಬೇಕು. ಕೆಲವು ಜಾತಿಗಳು 10 ಸೆಂ.ಮೀ.ಗಿಂತ ಆಳದಲ್ಲೂ ಬದುಕುತ್ತವೆ ಎಂಬುದು ಈ ವಿಧಾನದ ನಿಜವಾದ ದೌರ್ಬಲ್ಯ. ಇಂದಿನ ಜೀವಿ ಹಿಂದಿನ ಪದರದೊಳಗೆ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಇರುವುದರಿಂದ, ಎರಡನೆಯ ಸಾಕ್ಷಿಯನ್ನು ಆರಿಸುವಾಗ ಅದು ಮೊದಲನೆಯದು ಕೆಡುವ ಕಾರಣಕ್ಕೇ ಕೆಡದಂತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಯಾಟಂಗಳೆಂಬ ಸೂಕ್ಷ್ಮ ಪಾಚಿಗಳ ಚಿಪ್ಪು ಸಿಲಿಕಾದ್ದು. ಸುಣ್ಣವನ್ನು ತಿನ್ನುವ ಆಮ್ಲ ಅದನ್ನು ಮುಟ್ಟುವುದಿಲ್ಲ, ಬದಲಿಗೆ ಕ್ಷಾರೀಯ ನೀರು ಕರಗಿಸುತ್ತದೆ. ಆದರೆ ಉಬ್ಬರದ ನೀರು ಅವನ್ನು ದೂರದಿಂದಲೂ ಹೊತ್ತು ತರುತ್ತದೆ. ಸಾವಯವ ಪದಾರ್ಥದಲ್ಲಿನ ಇಂಗಾಲ-13ರ (ಇಂಗಾಲದ ಭಾರವಾದ ಐಸೊಟೋಪ್) ಅನುಪಾತಕ್ಕೆ ಚಿಪ್ಪು ಕರಗುವ ತೊಂದರೆ ತಟ್ಟುವುದಿಲ್ಲ, ಆದರೆ ಉಬ್ಬರ ಹೊತ್ತು ತಂದ ಸಾವಯವ ಪದಾರ್ಥ ಅದರಲ್ಲೂ ಬೆರೆಯಬಹುದು. ಉಪ್ಪು ಜೌಗಿನ ಹುಲ್ಲಾದ ಸ್ಪಾರ್ಟಿನಾದಂಥ ಸಿ4 ಹುಲ್ಲುಗಳ ಮೌಲ್ಯ ಸಾವಿರಕ್ಕೆ ಸುಮಾರು ಮೈನಸ್ 13, ಸಿ3 ಸಸ್ಯಗಳದ್ದು ಸುಮಾರು ಮೈನಸ್ 27 (ಸಿ3, ಸಿ4 ಎಂದರೆ ದ್ಯುತಿಸಂಶ್ಲೇಷಣೆಯ ಎರಡು ಬಗೆಗಳು). ಕೊಳೆತಾಗ ಒಂದೆರಡು ಅಂಕ ಸರಿದರೂ ಅಂತರ ಉಳಿಯುತ್ತದೆ. 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟು ಸಾವಯವ ಅಂಶ ಅಳೆಯುವುದು ಅಗ್ಗ ಮತ್ತು ಉಪಯುಕ್ತ. ಜೇಡಿ ಹೆಚ್ಚಿದ್ದರೆ ಅದರೊಳಗಿನ ನೀರೂ ಹೋಗಿ ಅಂಕಿ ಉಬ್ಬುತ್ತದೆ, ಅಷ್ಟೇ.

ಕಾಲನಿರ್ಣಯದಲ್ಲೂ ಇದೇ ಮಾತು. ವಿಕಿರಣಶೀಲ ಸೀಸ-210ರ ಅರ್ಧಾಯುಷ್ಯ ಸುಮಾರು 22 ವರ್ಷ, ಹಾಗಾಗಿ ಅದು ಕಳೆದ ನೂರು-ನೂರೈವತ್ತು ವರ್ಷಕ್ಕಷ್ಟೇ. ಅದನ್ನು ಅಣುಬಾಂಬ್ ಪರೀಕ್ಷೆಗಳಿಂದ ಹರಡಿದ ಸೀಸಿಯಂ-137ರ 1963ರ ಶಿಖರದಿಂದ ತಾಳೆ ನೋಡುತ್ತಾರೆ. ಜೇಡಿ ಕಡಿಮೆ ಇರುವ ಪೀಟ್‌ನಲ್ಲಿ ಸೀಸಿಯಂ ಜಾರಿ ಶಿಖರ ಮಸುಕಾಗುತ್ತದೆ. ಸುಮಾರು 1650ರಿಂದ 1950ರವರೆಗೆ ರೇಡಿಯೋಕಾರ್ಬನ್ ಅಳತೆಯನ್ನು ವರ್ಷಕ್ಕೆ ಪರಿವರ್ತಿಸುವ ಮಾಪನ ರೇಖೆ ಏರಿಳಿಯುವುದರಿಂದ ಒಂದೇ ಮಾದರಿಗೆ ಹಲವು ಕಾಲಗಳು ಹೊಂದುತ್ತವೆ. ಇಡೀ ಪೀಟ್ ತುಂಡನ್ನು ಕಳಿಸಿದರೆ ಮೇಲಿನಿಂದ ಇಳಿದ ಎಳೆ ಬೇರುಗಳಿಂದ ವಯಸ್ಸು ಕಡಿಮೆ ಬರುತ್ತದೆ. ಬೀಜ, ಎಲೆ, ಕಾಂಡದ ತುಣುಕುಗಳನ್ನು ಆರಿಸಿ ಕಳಿಸಿ.

ಪೀಟ್‌ನ ಮೇಲೆ ಚೂಪಾದ ಗೆರೆ, ಅದರ ಮೇಲೆ ಮರಳು, ಅದರ ಮೇಲೆ ಉಬ್ಬರದ ಬಯಲಿನ ಕೆಸರು ಸಿಕ್ಕರೆ ಎಲ್ಲರ ಮನಸ್ಸೂ ಕ್ಯಾಸ್ಕೇಡಿಯಾಗೆ ಹೋಗುತ್ತದೆ. ಉತ್ತರ ಅಮೆರಿಕದ ಆ ವಾಯವ್ಯ ಕರಾವಳಿಯಲ್ಲಿ ನೆಲ ಕುಸಿದು ಹೂತ ಇಂಥ ಜೌಗುಗಳಿಂದಲೇ ಭೂವಿಜ್ಞಾನಿ ಬ್ರಯಾನ್ ಅಟ್‌ವಾಟರ್ 1987ರಲ್ಲಿ ಮಹಾಭೂಕಂಪಗಳ ಸಾಕ್ಷ್ಯ ಮಂಡಿಸಿದರು. ಕೊನೆಯದು 1700ರ ಜನವರಿ 26ರದ್ದೆಂದು ಜಪಾನಿನ ಸುನಾಮಿ ದಾಖಲೆಗಳಿಂದ ಗೊತ್ತಾಯಿತು. ಆದರೆ ಬಿರುಗಾಳಿಯೂ ಮರಳು ಹಾಸುತ್ತದೆ, ತೊರೆ ದಿಕ್ಕು ಬದಲಿಸಿದರೂ ಚೂಪಾದ ಗೆರೆ ಉಳಿಯುತ್ತದೆ. ಮರಳಿನ ಕೆಳಗೂ ಮೇಲೂ ಒಂದೇ ಜೀವಿಸಮೂಹ ಇದ್ದರೆ ನೆಲ ಕುಸಿದಿಲ್ಲ. ಸಮೂಹ ಬದಲಾಗಿದ್ದರೂ, ಆ ಗೆರೆ ತೊರೆಯಿಂದ ದೂರದ ಕೋರ್‌ಗಳಲ್ಲಿ ಒಂದೇ ಕಾಲದಲ್ಲಿ ಸಿಗುವವರೆಗೆ ಅದನ್ನು ಭೂಕಂಪದ ಗೆರೆ ಎಂದು ಕರೆಯಬಾರದು.