ರಾಯಚೂರಿನ ಬಿಸಿಲಲ್ಲಿ ಮುಲಾಮು, ಸಿರಪ್ಪು

ರಾಯಚೂರಿನಲ್ಲಿ ಏಪ್ರಿಲ್ ನಡುವಿನಿಂದ ಮುಂಗಾರಿನ ಮೊದಲ ಮಳೆಯವರೆಗೆ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಅಂಥ ದಿನ ತಗಡಿನ ಮಾಡಿನ ಮೆಡಿಕಲ್ ಅಂಗಡಿಯಲ್ಲಿ ಮೇಲಿನ ಕಪಾಟಿನಿಂದ ಜಿಂಕ್ ಮುಲಾಮಿನ ಡಬ್ಬಿ ತೆಗೆದು ಓರೆ ಮಾಡಿ ನೋಡಿ. ಮೇಲೆ ಎಣ್ಣೆ ನಿಂತಿರುತ್ತದೆ, ಬಿಳಿ ಪುಡಿ ತಳಕ್ಕೆ ಇಳಿದಿರುತ್ತದೆ. ರಾತ್ರಿ ತಣ್ಣಗಾದರೆ ಅದೇ ಮುಲಾಮು ಮತ್ತೆ ಹೆಪ್ಪುಗಟ್ಟಿ ನೋಡಲು ನೆಟ್ಟಗೇ ಕಾಣುತ್ತದೆ. ಆದರೆ ಮೇಲಿನಿಂದ ಬೆರಳಲ್ಲಿ ತೆಗೆದವರಿಗೆ ಔಷಧ ಕಡಿಮೆ, ತಳದಿಂದ ತೆಗೆದವರಿಗೆ ಹೆಚ್ಚು. ಗುಳಿಗೆಗಳು ನಮ್ಮ ಬೇಸಿಗೆಯನ್ನು ಒಂದಷ್ಟಾದರೂ ತಾಳಿಕೊಳ್ಳುತ್ತವೆ. ಮುಲಾಮು, ಲೋಶನ್, ಸಿರಪ್ಪುಗಳಿಗೆ ಆ ತಾಳಿಕೆ ಇಲ್ಲ. ಡಿ.ಫಾರ್ಮ್ (ಔಷಧಶಾಸ್ತ್ರದ ಡಿಪ್ಲೊಮಾ) ಪುಸ್ತಕದ ಹಳೆಯ ಸೂತ್ರಗಳು ಬಹುಪಾಲು ತಂಪು ದೇಶದ ಹವೆಯಲ್ಲಿ ಹುಟ್ಟಿದವು. ನಮ್ಮ ಕಡೆ ಅವನ್ನು ತಯಾರಿಸುವಾಗಲೂ, ರೋಗಿಯ ಕೈಗೆ ಕೊಡುವಾಗಲೂ ಬಿಸಿ ಮತ್ತು ನೀರು ಎರಡರ ಲೆಕ್ಕವನ್ನು ಬೇರೆಯಾಗಿ ಹಾಕಲೇಬೇಕು.

ಮುಲಾಮಿನ ಬೇಸಿನಿಂದ, ಅಂದರೆ ಔಷಧ ಬೆರೆಸುವ ಜಿಡ್ಡಿನಿಂದ ಶುರು ಮಾಡೋಣ. ಸಿಂಪಲ್ ಆಯಿಂಟ್‌ಮೆಂಟ್ 100 ಗ್ರಾಂ ಮಾಡಲು ಹಾರ್ಡ್ ಪ್ಯಾರಾಫಿನ್ 5 ಗ್ರಾಂ, ಸೀಟೊಸ್ಟಿಯರಿಲ್ ಆಲ್ಕೊಹಾಲ್ 5 ಗ್ರಾಂ, ವುಲ್ ಫ್ಯಾಟ್ (ಕುರಿ ಉಣ್ಣೆಯ ಜಿಡ್ಡು) 5 ಗ್ರಾಂ, ಮಿಕ್ಕ 85 ಗ್ರಾಂ ವೈಟ್ ಸಾಫ್ಟ್ ಪ್ಯಾರಾಫಿನ್. ಕರಗಿಸುವುದು ವಾಟರ್ ಬಾತ್ (ಬಿಸಿನೀರಿನ ಪಾತ್ರೆ) ಮೇಲೆ, ನೇರ ಉರಿಯ ಮೇಲೆ ಬೇಡ. ಹೆಚ್ಚು ಶಾಖಕ್ಕೆ ಕರಗುವುದು ಮೊದಲು ಹೋಗಬೇಕು: ಹಾರ್ಡ್ ಪ್ಯಾರಾಫಿನ್, ಆಮೇಲೆ ಸೀಟೊಸ್ಟಿಯರಿಲ್, ಆಮೇಲೆ ಮಿಕ್ಕವು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಹಾರ್ಡ್ ಪ್ಯಾರಾಫಿನ್ ಕರಗುವ ಹೊತ್ತಿಗೆ ಉಳಿದವು ಸುಮ್ಮನೆ ಕಾಯ್ದು ಕೆಡುತ್ತವೆ. ಎಲ್ಲ ಕರಗಿದ ಮೇಲೆ ಕೆಳಗಿಳಿಸಿ, ತಣ್ಣಗಾಗುವವರೆಗೆ ಕೈಬಿಡದೆ ನಿಧಾನಕ್ಕೆ ತಿರುವಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ನಡುವೆ ಬಿಟ್ಟರೆ ಪ್ಯಾರಾಫಿನ್ ಪಾತ್ರೆಯ ಅಂಚಿಗೆ ಮೊದಲು ಹೆಪ್ಪುಗಟ್ಟಿ, ಸಾಬೂದಾಣಿಯಂಥ ಗಂಟುಗಳಾಗಿ ಉಳಿಯುತ್ತದೆ. ಜೋರಾಗಿ ಕಡೆದರೆ ಗಾಳಿ ಸೇರಿ ಮುಲಾಮು ಬುರುಗಾಗುತ್ತದೆ. ಬೇಗ ಆಗಲಿ ಎಂದು ಪಾತ್ರೆಯನ್ನು ಐಸಿನಲ್ಲಿ ಇಡುವುದೂ ತಪ್ಪು, ಗಂಟು ಇನ್ನೂ ಹೆಚ್ಚುತ್ತವೆ.

ಸಾಫ್ಟ್ ಪ್ಯಾರಾಫಿನ್ 38 ಡಿಗ್ರಿಯಿಂದಲೇ ಕರಗತೊಡಗಬಹುದು. ರಾಯಚೂರಿನ ಮೇ ತಿಂಗಳಿಗೆ ಅದು ಕೋಣೆಯ ಶಾಖ. ಅದಕ್ಕೇ ಬಿಸಿ ನಾಡಿನಲ್ಲಿ ಹಾರ್ಡ್ ಪ್ಯಾರಾಫಿನ್ ಸ್ವಲ್ಪ ಏರಿಸಿ, ಏರಿಸಿದಷ್ಟೇ ಸಾಫ್ಟ್ ಪ್ಯಾರಾಫಿನ್ ಇಳಿಸಿ ಬೇಸನ್ನು ಗಟ್ಟಿ ಮಾಡಿಕೊಳ್ಳುವ ಪದ್ಧತಿ ಇದೆ. ಬದಲಾಗುವುದು ಬೇಸಿನ ಒಳಗಿನ ಪಾಲು ಮಾತ್ರ, ಔಷಧದ ಶೇಕಡಾವಾರು ಕದಲಬಾರದು.

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ಬಯಲಲ್ಲಿ ನಾಟಿಯ ದಿನಗಳಲ್ಲಿ ಕಾಲ್ಬೆರಳ ಸಂದಿ ಬೆಳ್ಳಗೆ ನೆನೆದು ಬಿರಿದವರು ಮನೆಮನೆಯಲ್ಲಿ ಸಿಗುತ್ತಾರೆ. ಇದಕ್ಕೆ ಹಳೆಯ, ಅಗ್ಗದ, ಇಂದಿಗೂ ಕೆಲಸ ಮಾಡುವ ಮುಲಾಮು ವಿಟ್‌ಫೀಲ್ಡ್: ಬೆಂಜೋಯಿಕ್ ಆಸಿಡ್ ಶೇ 6, ಸ್ಯಾಲಿಸಿಲಿಕ್ ಆಸಿಡ್ ಶೇ 3, ನೀರಿನೊಂದಿಗೆ ಬೆರೆಯುವ ಬೇಸಾದ ಎಮಲ್ಸಿಫೈಯಿಂಗ್ ಆಯಿಂಟ್‌ಮೆಂಟಿನಲ್ಲಿ. ಚರ್ಮ ಬಿರಿದು ಹಸಿಯಾಗಿ ರಸ ಸೋರುತ್ತಿದ್ದರೆ ಇದನ್ನು ಕೊಡಬಾರದು, ಬೆಂಕಿಯಂತೆ ಉರಿಯುತ್ತದೆ. 50 ಗ್ರಾಂ ಬೇಕಿದ್ದರೆ 55 ಗ್ರಾಂಗೆ ಲೆಕ್ಕ ಹಾಕಿ, ಏಕೆಂದರೆ ಮುಲಾಮು ಕಲಸುವ ಟೈಲಿಗೂ ಸ್ಪ್ಯಾಚುಲಾಕ್ಕೂ (ಚಪ್ಪಟೆ ಅಲಗಿನ ಸಟ್ಟುಗ) ಒಂದಷ್ಟು ಅಂಟಿಕೊಂಡೇ ತೀರುತ್ತದೆ. ಅಂದರೆ ಬೆಂಜೋಯಿಕ್ 3.3 ಗ್ರಾಂ, ಸ್ಯಾಲಿಸಿಲಿಕ್ 1.65 ಗ್ರಾಂ, ಬೇಸ್ 50.05 ಗ್ರಾಂ.

ಎರಡೂ ಆಸಿಡ್ಡುಗಳನ್ನು ಬೇರೆ ಬೇರೆ ನುಣ್ಣಗೆ ಅರೆದು ಜರಡಿ ಹಿಡಿಯಿರಿ. ಮೂಗಿಗೆ ಮಾಸ್ಕ್ ಇರಲಿ, ಸ್ಯಾಲಿಸಿಲಿಕ್ ಪುಡಿ ಹಾರಿದರೆ ಸೀನು ನಿಲ್ಲುವುದಿಲ್ಲ. ಟೈಲಿನ ಮೇಲೆ ಪುಡಿ ಹರಡಿ, ಅದರಷ್ಟೇ ಬೇಸ್ ತೆಗೆದುಕೊಂಡು ಸ್ಪ್ಯಾಚುಲಾದ ಚಪ್ಪಟೆ ಬದಿಯಿಂದ ಒತ್ತಿ ಒತ್ತಿ ತಿಕ್ಕಬೇಕು, ಕೈಯಲ್ಲಿ ಚಟ್ನಿ ಅರೆದ ಹಾಗೆ. ಮರಳು ಮರಳು ಅನ್ನಿಸುವುದು ಪೂರ್ತಿ ಹೋದ ಮೇಲೆ ಮತ್ತೆ ಟೈಲಿನ ಮೇಲಿರುವಷ್ಟೇ ಬೇಸ್, ಆಮೇಲೆ ಅದರ ಎರಡರಷ್ಟು. ಹೀಗೆ ಪ್ರತಿ ಸಲ ಟೈಲಿನ ಮೇಲಿರುವಷ್ಟನ್ನೇ ಸೇರಿಸುತ್ತ ಹೋದರೆ ಪುಡಿ ಎಲ್ಲೆಡೆ ಸಮನಾಗಿ ಹರಡುತ್ತದೆ. ಅವಸರಕ್ಕೆ ಬಿದ್ದು ಪುಡಿಯನ್ನು ಬಿಸಿ ಬೇಸಿಗೆ ಸುರಿದವರಿಗೆ ಎರಡು ನಷ್ಟ. ಬೆಂಜೋಯಿಕ್ ಆಸಿಡ್ ಶಾಖಕ್ಕೆ ಆವಿಯಾಗಿ ಒಂದಷ್ಟು ಹೋಗುತ್ತದೆ. ಕರಗಿದ ಆಸಿಡ್ ತಣ್ಣಗಾಗುತ್ತ ಸೂಜಿಯಂಥ ಹರಳಾಗಿ ಮರಳಿ ಬರುತ್ತದೆ, ಹಚ್ಚಿದರೆ ಚರ್ಮ ತರಚುತ್ತದೆ. ಸ್ಪ್ಯಾಚುಲಾ ತುಕ್ಕು ಹಿಡಿದಿದ್ದರೆ ಮುಲಾಮು ನಸುಗೆಂಪಾಗಿ, ನೇರಳೆಯಾಗಿ ತಿರುಗುತ್ತದೆ. ಅದು ಸ್ಯಾಲಿಸಿಲೇಟ್ ಕಬ್ಬಿಣದ ಜೊತೆ ಕೂಡಿದ ಬಣ್ಣ. ಅಂಥ ಬ್ಯಾಚನ್ನು ಎಸೆಯಬೇಕು, ಬಣ್ಣದ ಮುಲಾಮೆಂದು ಕೊಡಬಾರದು. ಸಾಧ್ಯವಿದ್ದರೆ ಪ್ಲಾಸ್ಟಿಕ್ ಸ್ಪ್ಯಾಚುಲಾ ಬಳಸಿ. ಇನ್ನೊಂದು ಮಾತು: ಎಮಲ್ಸಿಫೈಯಿಂಗ್ ವ್ಯಾಕ್ಸಿನಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇರುವುದರಿಂದ ಅದಿರುವ ಬೇಸಿಗೆ ಸೆಟ್ರಿಮೈಡ್ ಎಂಬ ಕ್ರಿಮಿನಾಶಕ ಸೇರಿಸಬೇಡಿ, ಒಂದನ್ನೊಂದು ಕೆಡಿಸುತ್ತವೆ.

ಕ್ರೀಮಿನ ಕಥೆ ಬೇರೆ. ಕ್ರೀಮು ಎಮಲ್ಷನ್, ಅಂದರೆ ಎಣ್ಣೆ ನೀರು ಎರಡನ್ನೂ ಕೂಡಿಸಿದ ಮಿಶ್ರಣ, ಬಿಸಿಗೆ ಹಾಲು ಒಡೆದ ಹಾಗೆ ಒಡೆಯುತ್ತದೆ. ಟ್ಯೂಬು ಒತ್ತಿದಾಗ ಮೊದಲು ನೀರು ಜಿನುಗಿ ಆಮೇಲೆ ಗಂಟು ಬಂದರೆ ಅದು ಮುಗಿದ ಟ್ಯೂಬು. ಎರಡು ಕಂಪನಿಯ ಟ್ಯೂಬುಗಳನ್ನು ಅಂಗೈಯಲ್ಲೋ ಡಬ್ಬಿಯಲ್ಲೋ ಕಲಸಿ ಕೊಡುವ ರೂಢಿ ಕೂಡ ಒಳ್ಳೆಯದಲ್ಲ. ಎಣ್ಣೆ ನೀರನ್ನು ಹಿಡಿದಿಡುವ ಎಮಲ್ಸಿಫೈಯರ್ ಎರಡರದ್ದೂ ಹೊಂದದೆ ಒಡೆಯಬಹುದು, ಪ್ರಿಸರ್ವೇಟಿವ್ ತೆಳುವಾಗಿ ಬೂಸ್ಟು ಹಿಡಿಯಬಹುದು. ಇನ್ನು ಗಜಕರ್ಣಕ್ಕೆ ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯಾಟಿಕ್ ಮೂರೂ ಕೂಡಿದ ಕ್ರೀಮನ್ನು ಚೀಟಿ ಇಲ್ಲದೆ ಕೊಡುವುದು ನಮ್ಮ ಕೌಂಟರುಗಳ ದೊಡ್ಡ ತಪ್ಪು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ, ಅಂಚು ಮಾಸಿ ಡಾಕ್ಟರಿಗೂ ಗುರುತು ಸಿಗದಂತಾಗುತ್ತದೆ. ಎಷ್ಟು ಹಚ್ಚಬೇಕು ಎಂದು ಕೇಳಿದರೆ ಬೆರಳಿನ ಲೆಕ್ಕ ಹೇಳಿ: ದೊಡ್ಡವರ ತೋರುಬೆರಳಿನ ಕೊನೆಯ ಗೆಣ್ಣಿನಿಂದ ತುದಿಯವರೆಗೆ ಟ್ಯೂಬಿನಿಂದ ಎಳೆದರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. 15 ಗ್ರಾಂ ಟ್ಯೂಬಿನಲ್ಲಿ ಇಂಥ 30 ಸಲ ಬರುತ್ತದೆ.

ಬೆವರುಸಾಲೆಯ ಕಾಲಕ್ಕೆ ಕ್ಯಾಲಮೈನ್ ಲೋಶನ್. 100 ಮಿ.ಲೀ.ಗೆ ಕ್ಯಾಲಮೈನ್ 15 ಗ್ರಾಂ, ಜಿಂಕ್ ಆಕ್ಸೈಡ್ 5 ಗ್ರಾಂ, ಬೆಂಟೊನೈಟ್ 3 ಗ್ರಾಂ, ಸೋಡಿಯಂ ಸಿಟ್ರೇಟ್ ಅರ್ಧ ಗ್ರಾಂ, ಲಿಕ್ವಿಫೈಡ್ ಫೀನಾಲ್ ಅರ್ಧ ಮಿ.ಲೀ., ಗ್ಲಿಸರಿನ್ 5 ಮಿ.ಲೀ., ಮಿಕ್ಕದ್ದು ನೀರು. ಮೊದಲ ಮೂರು ಪುಡಿಗಳನ್ನು ಮಾರ್ಟರಿನಲ್ಲಿ (ಔಷಧ ಅರೆಯುವ ಬಟ್ಟಲು) ಒಣದಾಗಿಯೇ ಚೆನ್ನಾಗಿ ಬೆರೆಸಬೇಕು. ಸಿಟ್ರೇಟನ್ನು ಸುಮಾರು 70 ಮಿ.ಲೀ. ನೀರಿನಲ್ಲಿ ಕರಗಿಸಿ, ಆ ನೀರನ್ನು ಸ್ವಲ್ಪ ಸ್ವಲ್ಪ ಹಾಕುತ್ತ ಮೊದಲು ಗಟ್ಟಿ ಪೇಸ್ಟು, ಆಮೇಲೆ ಸುರಿಯುವ ಹದ. ಬೆಂಟೊನೈಟ್ ಒಂಟಿಯಾಗಿ ನೀರು ಕಂಡರೆ ಮೇಲೆ ಅಂಟು, ಒಳಗೆ ಒಣ ಪುಡಿಯ ಉಂಡೆಯಾಗುತ್ತದೆ, ಬೇರೆ ಪುಡಿಯ ಜೊತೆ ಬೆರೆತಿದ್ದರೆ ಆ ಕಾಟವಿಲ್ಲ. ಸಿಟ್ರೇಟ್ ಬಿಟ್ಟರೆ ಬೆಂಟೊನೈಟ್ ಗಟ್ಟಿಯಾಗಿ ಲೋಶನ್ ಬಾಟಲಿಯಿಂದ ಸುರಿಯುವುದೇ ಇಲ್ಲ. ಕೊನೆಗೆ ಫೀನಾಲ್, ಗ್ಲಿಸರಿನ್ ಸೇರಿಸಿ, ನೀರಿನಿಂದ ಮಾರ್ಟರ್ ತೊಳೆದು ಆ ತೊಳೆದ ನೀರನ್ನೂ ಅಳತೆಗೆ ಸೇರಿಸಿ 100ಕ್ಕೆ ತಂದುಕೊಳ್ಳಿ. ಫೀನಾಲ್ ನೇರ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಗ್ಲೌಸ್ ಇರಲಿ. ಲೋಶನ್ ತುಂಬುವ ಬಾಟಲಿ ಮೈಮೇಲೆ ಗೀರು ಇರುವ ಬಣ್ಣದ ಬಾಟಲಿಯಾಗಿರಲಿ. ರಾತ್ರಿ ಕರೆಂಟ್ ಹೋದಾಗ ಕುಡಿಯುವ ಸಿರಪ್ಪಿನ ನುಣುಪು ಬಾಟಲಿಗೂ ಇದಕ್ಕೂ ವ್ಯತ್ಯಾಸ ಬೆರಳಿಗೆ ತಿಳಿಯಲೆಂದೇ ಆ ಗೀರು. ಲೇಬಲ್ಲಿನಲ್ಲಿ ಕನ್ನಡದಲ್ಲೇ ದಪ್ಪಗೆ: ‘ಹೊರಗೆ ಹಚ್ಚಲು ಮಾತ್ರ’, ‘ಚೆನ್ನಾಗಿ ಕುಲುಕಿ ಬಳಸಿ’.

ಸಿಂಪಲ್ ಸಿರಪ್ಪಿನ ಲೆಕ್ಕ ಸುಲಭ: 667 ಗ್ರಾಂ ಸಕ್ಕರೆ, ಒಟ್ಟು ತೂಕ 1000 ಗ್ರಾಂ ಆಗುವಷ್ಟು ಶುದ್ಧ ನೀರು. ಈ ಗಾಢತೆಯಲ್ಲಿ ಸೂಕ್ಷ್ಮಜೀವಿಗಳಿಗೆ ಬಳಸಿಕೊಳ್ಳಲು ನೀರೇ ಸಿಗುವುದಿಲ್ಲ, ಹಾಗಾಗಿ ಸಿರಪ್ಪು ಕೆಡುವುದಿಲ್ಲ. ತೆಳುವಾದರೆ ಹುಳಿಯುತ್ತದೆ, ಗಾಢವಾದರೆ ಮುಚ್ಚಳದ ಸುತ್ತ ಹರಳು ಕಟ್ಟುತ್ತದೆ. ಹೆಚ್ಚು ಕಾಯಿಸಿದರೆ ಸಕ್ಕರೆ ಒಡೆದು ಹಳದಿಗೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಬಿಸಿಯಾಗಿಯೇ ಬಾಟಲಿ ತುಂಬಿ ಮುಚ್ಚಿದರೆ ಹಬೆ ಮುಚ್ಚಳದ ಒಳಗೆ ಹನಿಯಾಗಿ ಇಳಿದು ಮೇಲಿನ ಪದರ ಮಾತ್ರ ತೆಳುವಾಗುತ್ತದೆ, ಬೂಸ್ಟು ಕಾಣಿಸಿಕೊಳ್ಳುವುದು ಅಲ್ಲೇ. ನೀರು ಡಿಸ್ಟಿಲ್ಡ್ ಆಗಿರಬೇಕು. ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಗಾಢವೇ ಆಗುತ್ತದೆ.

ಕುಡಿಯುವ ಎಮಲ್ಷನ್ನನ್ನು ಕೈಯಲ್ಲಿ ತಯಾರಿಸುವುದು ಈಗ ಕಾಲೇಜಿನ ಲ್ಯಾಬಿಗಷ್ಟೇ ಉಳಿದಿದೆ. ಆದರೂ ಲಿಕ್ವಿಡ್ ಪ್ಯಾರಾಫಿನ್‌ಗೆ ಎಣ್ಣೆ, ನೀರು, ಗೋಂದು 3:2:1, ಹರಳೆಣ್ಣೆಯಂಥ ಎಣ್ಣೆಗೆ 4:2:1 ಎಂಬುದು ನೆನಪಿರಲಿ. ಮಾರ್ಟರ್ ಒಣಗಿರಬೇಕು, ನೀರನ್ನು ಒಂದೇ ಸಲಕ್ಕೆ ಸುರಿದು ಒಂದೇ ದಿಕ್ಕಿಗೆ ಜೋರಾಗಿ ತಿರುವಬೇಕು. ಬಿಳಿ ಬಣ್ಣ ಬಂದು ಚಟಚಟ ಸದ್ದು ಕೇಳಿದರೆ ಪ್ರೈಮರಿ (ಮೊದಲ ಹಂತದ) ಎಮಲ್ಷನ್ ಕೂಡಿತು. ಸದ್ದು ಬಾರದೆ ಎಣ್ಣೆ ತೇಲಿದರೆ ಮತ್ತೆ ಹೊಸದಾಗಿ ಶುರು ಮಾಡುವುದೇ ಮೇಲು.

ಇವತ್ತಿನ ಕೌಂಟರಿನಲ್ಲಿ ನಿಜವಾಗಿ ತಯಾರಿಸುವ ದ್ರವ ಔಷಧವೆಂದರೆ ಮಕ್ಕಳ ಆಂಟಿಬಯಾಟಿಕ್ ಡ್ರೈ ಸಿರಪ್, ಅಂದರೆ ನೀರು ಹಾಕಿ ಕಲಸಿಕೊಳ್ಳುವ ಪುಡಿ. ಇದರಲ್ಲಿ ಆಗುವಷ್ಟು ತಪ್ಪು ಬೇರೆ ಯಾವುದರಲ್ಲೂ ಆಗಲಿಕ್ಕಿಲ್ಲ. ನೀರು ಹಾಕುವ ಮುಂಚೆ ಬಾಟಲಿಯನ್ನು ತಲೆಕೆಳಗೆ ಮಾಡಿ ತಟ್ಟಿ, ತಳಕ್ಕೆ ಅಂಟಿದ ಪುಡಿ ಸಡಿಲಾಗಲಿ. ಪೆಟ್ಟಿಗೆಯಲ್ಲಿ ನೀರಿನ ಆಂಪ್ಯೂಲ್ ಇದ್ದರೆ ಅದೇ, ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿ ನೀರಿಗೆ ಅಮಾಕ್ಸಿಸಿಲಿನ್ ಹಾಳಾಗುತ್ತದೆ. ಬಾಟಲಿಯ ಮೇಲಿನ ಗುರುತಿನ ಅರ್ಧದವರೆಗೆ ಹಾಕಿ ಕುಲುಕಿ, ಪುಡಿ ಎಲ್ಲ ನೆನೆದ ಮೇಲೆ ಗುರುತಿನವರೆಗೆ ತುಂಬಿ ಮತ್ತೆ ಕುಲುಕಿ. ಆಮೇಲೆ ಒಂದೆರಡು ನಿಮಿಷ ಸುಮ್ಮನೆ ಇಡಿ. ನೊರೆ ಇಳಿದಾಗ ಮಟ್ಟ ಗುರುತಿಗಿಂತ ಕೆಳಗೆ ಕಾಣುತ್ತದೆ, ಆಗ ಸರಿಪಡಿಸಿ. ನೊರೆಯನ್ನೇ ಮಟ್ಟವೆಂದು ಬಿಟ್ಟರೆ ಔಷಧ ಗಾಢ, ಕುತ್ತಿಗೆಯವರೆಗೆ ತುಂಬಿದರೆ ತೆಳು. 5 ಮಿ.ಲೀ.ಗೆ 125 ಮಿ.ಗ್ರಾಂ ಇರಬೇಕಾದ 30 ಮಿ.ಲೀ. ಬಾಟಲಿಯನ್ನು 35ಕ್ಕೆ ತುಂಬಿದರೆ ಪ್ರತಿ 5 ಮಿ.ಲೀ.ಯಲ್ಲಿ 107 ಮಿ.ಗ್ರಾಂ ಮಾತ್ರ, 25ಕ್ಕೆ ನಿಲ್ಲಿಸಿದರೆ 150 ಮಿ.ಗ್ರಾಂ.

ಕಲಸಿದ ಮೇಲೆ ಎಷ್ಟು ದಿನ ಎಂಬುದು ಲೇಬಲ್ ಹೇಳಿದಂತೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಾಮಾನ್ಯವಾಗಿ 7 ದಿನ, ಅದೂ ಫ್ರಿಜ್ಜಿನಲ್ಲಿ. ಕ್ಲಾವುಲನೇಟ್ ನೀರಿನಲ್ಲಿ, ಬಿಸಿಯಲ್ಲಿ ಬೇಗ ಒಡೆಯುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಫ್ರೀಜರಿನಲ್ಲಂತೂ ಬೇಡವೇ ಬೇಡ. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿಯೇ ಬಾಟಲಿ ಕೊಡಿ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ ನಮ್ಮ ಒಣ ಹವೆಯಲ್ಲಿ ಚೆನ್ನಾಗಿ ತಂಪಾಗುತ್ತದೆ ನಿಜ, ಆದರೆ 2ರಿಂದ 8 ಡಿಗ್ರಿಗೆ ಇಳಿಯುವುದಿಲ್ಲ. ಫ್ರಿಜ್ ಇಲ್ಲವೆಂದರೆ ಡಾಕ್ಟರಿಗೆ ಫೋನು ಮಾಡಿ, ನೀರಿನಲ್ಲಿ ಕರಗುವ ಗುಳಿಗೆ ಆದೀತೇ ಎಂದು ಕೇಳಿ. ಒಂದೊಂದು ಡೋಸನ್ನು ಆಗಾಗಲೇ ಕರಗಿಸಿ ಕೊಟ್ಟರೆ ಕೆಡುವ ಪ್ರಶ್ನೆಯೇ ಇಲ್ಲ.

ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಕೊಳ್ಳುವಾಗ ಐ.ಪಿ. (ಇಂಡಿಯನ್ ಫಾರ್ಮಕೊಪಿಯಾ) ದರ್ಜೆ, ಬ್ಯಾಚಿನ ಪರೀಕ್ಷಾ ವರದಿ ಎರಡನ್ನೂ ಕೇಳಿ ಪಡೆಯಿರಿ. ಅವುಗಳಲ್ಲಿ ಕಲಬೆರಕೆಯಾಗಿ ಸೇರಬಹುದಾದ ಡೈ ಎಥಿಲೀನ್ ಗ್ಲೈಕಾಲ್ ನೋಡಲು ಗ್ಲಿಸರಿನ್ನಿನಂತೆಯೇ, ರುಚಿಯೂ ಸಿಹಿ, ಕುಡಿದವರ ಮೂತ್ರಪಿಂಡ ಕೆಡಿಸುತ್ತದೆ. ಆ ಕಲಬೆರಕೆಯ ಮಿತಿ ಶೇ 0.1. 1937ರಲ್ಲಿ ಅಮೆರಿಕದಲ್ಲಿ 100ಕ್ಕೂ ಹೆಚ್ಚು ಜನ, 1986ರಲ್ಲಿ ಮುಂಬೈಯಲ್ಲಿ 14 ರೋಗಿಗಳು, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತದ್ದು ಇದರಿಂದಲೇ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಸಂಶಯ ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಆಗ ಎಲ್ಲರೂ ಮೊದಲು ಹುಡುಕುವುದು ಬ್ಯಾಚ್ ನಂಬರು. ಬಿಲ್ಲಿನಲ್ಲಿ ಅದನ್ನು ಬರೆಯದೆ ಒಂದು ಬಾಟಲಿಯನ್ನೂ ಹೊರಗೆ ಕಳಿಸಬಾರದು.

ಕೊನೆಗೆ ಅಳತೆ. ಮನೆಯ ಚಮಚ 5 ಮಿ.ಲೀ. ಅಲ್ಲ, ಒಂದೊಂದು ಮನೆಯಲ್ಲಿ ಒಂದೊಂದು. ಪ್ಯಾರಾಸಿಟಮಾಲ್ ಅಂತೂ ಮೂರು ಬಲದಲ್ಲಿ ಬರುತ್ತದೆ: ಡ್ರಾಪ್ಸ್ 1 ಮಿ.ಲೀ.ಗೆ 100 ಮಿ.ಗ್ರಾಂ, ಸಿರಪ್ 5 ಮಿ.ಲೀ.ಗೆ 125, ಇನ್ನೊಂದು 5 ಮಿ.ಲೀ.ಗೆ 250. 10 ಕಿಲೊ ಮಗುವಿಗೆ 150 ಮಿ.ಗ್ರಾಂ ಎಂದು ಡಾಕ್ಟರು ಬರೆದರೆ ಡ್ರಾಪ್ಸ್ ಒಂದೂವರೆ ಮಿ.ಲೀ., 125ರ ಸಿರಪ್ 6 ಮಿ.ಲೀ., 250ರದ್ದು 3 ಮಿ.ಲೀ. ಹಳೆಯ ಸಿರಪ್ಪಿನ 6 ಮಿ.ಲೀ. ನೆನಪಿಟ್ಟುಕೊಂಡು ಅಷ್ಟೇ ಡ್ರಾಪ್ಸ್ ಕುಡಿಸಿದರೆ ಮಗುವಿನ ಹೊಟ್ಟೆಗೆ 600 ಮಿ.ಗ್ರಾಂ ಹೋಯಿತು, ನಾಲ್ಕು ಪಟ್ಟು. ಅದಕ್ಕೆ ಬಾಟಲಿಯ ಜೊತೆ ಸೂಜಿಯಿಲ್ಲದ ಸಿರಿಂಜ್ ಕೊಡಿ, ಡೋಸಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ, ಕೌಂಟರಿನಲ್ಲೇ ಒಂದು ಲೋಟ ನೀರಿಟ್ಟು ತಾಯಿಯ ಕೈಯಿಂದಲೇ ಆ ಗೆರೆಯವರೆಗೆ ಒಮ್ಮೆ ಎಳೆಸಿ ನೋಡಿ.